ತೂಕದ ಚೀಟಿ ಹಿಡಿದು ಓದು ಕಲಿಸಿದ್ದು: ನನ್ನ ಅನುಭವ

"ಇದೆಲ್ಲ ಸೆಮಿನಾರಿಗೆ ಚಂದ ಮೇಷ್ಟ್ರೇ, ಕ್ಲಾಸಲ್ಲಿ ನಡೆಯಲ್ಲ" ಎಂದು ಹೇಳಿದವರಿಗೆ ಲೆಕ್ಕವಿಲ್ಲ. ಇದೆಲ್ಲ ಅಂದರೆ, ಕಾಫಿ ಕುಯ್ಲಿನ ತೂಕದ ಚೀಟಿಯಂಥ, ಮಕ್ಕಳ ಮನೆಯ ಕೆಲಸಕ್ಕೆ ಅಂಟಿದ ಪದಗಳಿಂದ ಐದನೇ ಕ್ಲಾಸಿಗೆ ಓದು ಕಲಿಸುವುದು. ಸುತ್ತಲ ಶಾಲೆಗಳ ಮೇಷ್ಟ್ರುಗಳು ಸೇರುವ ಕ್ಲಸ್ಟರ್ ಸಭೆಯಲ್ಲಿ ಮುಖದ ಮುಂದೆಯೇ ನಕ್ಕವರೂ ಇದ್ದರು. ಅವರಲ್ಲೇ ಇಬ್ಬರು ಈಚೆಗೆ ನಾನು ಪದ ಬರೆದಿಟ್ಟ ಫ್ಲೆಕ್ಸ್ ತುಂಡುಗಳ ಫೋಟೋ ಕಳಿಸಿ ಎಂದು ಕೇಳಿದರು. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ನಮ್ಮದು ಮೂಡಿಗೆರೆ ಕಡೆಯ ತೋಟಗಳ ನಡುವೆ ಇರುವ ಸರ್ಕಾರಿ ಶಾಲೆ. ಮುಕ್ಕಾಲು ಪಾಲು ಲೈನ್ ಮನೆ, ಅಂದರೆ ತೋಟದ ಕೂಲಿಗಾರರ ಸಾಲುಮನೆಗಳ ಮಕ್ಕಳು. ಉಳಿದವರ ಮನೆಯಲ್ಲಿ ಒಂದೆರಡು ಎಕರೆ ಕಾಫಿ ಇರುತ್ತದೆ. ಅದಕ್ಕಿಂತ ಜಾಸ್ತಿ ತೋಟ ಇದ್ದವರ ಮಕ್ಕಳು ಹಳದಿ ವ್ಯಾನ್ ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ. ನಲಿಕಲಿ (ಸರ್ಕಾರಿ ಶಾಲೆಯ ಸಣ್ಣ ಕ್ಲಾಸುಗಳ ಚಟುವಟಿಕೆ ಪದ್ಧತಿ) ದಾಟಿ ಐದಕ್ಕೆ ಬಂದ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಜನ ಒತ್ತಕ್ಷರ ಕಂಡ ಕೂಡಲೇ ನಿಂತುಬಿಡುತ್ತಿದ್ದರು. ಇದೂ ಎಲ್ಲರಿಗೂ ಗೊತ್ತಿರುವ ಕಥೆಯೇ.

ಶಿಕ್ಷಣ ಚಿಂತಕ ಪೌಲೊ ಫ್ರೇರೆ ಹೆಸರನ್ನು ನಾವು ಮೇಷ್ಟ್ರುಗಳೆಲ್ಲ ಪರೀಕ್ಷೆಗೆ ಓದಿ ಮರೆತವರು. 1963ರಲ್ಲಿ ಬ್ರೆಜಿಲ್‌ನ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಗಾರರಿಗೆ 40 ಗಂಟೆಯ ಪಾಠದಲ್ಲಿ ಓದು ಬರಹ ಕಲಿಸಿದವರು. ಮರುವರ್ಷ ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಫ್ರೇರೆ ಜೈಲು ಸೇರಿ, ಆಮೇಲೆ ದೇಶವನ್ನೇ ಬಿಡಬೇಕಾಯಿತು. ನನ್ನನ್ನು ಹಿಡಿದಿದ್ದು ಅವರು ಪದ ಆರಿಸುತ್ತಿದ್ದ ರೀತಿ. ಕಲಿಯುವವರ ಹೊಟ್ಟೆಪಾಡಿಗೆ ಅಂಟಿಕೊಂಡ ಪದವೇ ಆಗಬೇಕು. ಉದಾಹರಣೆಗೆ 'ತಿಜೋಲೊ', ಅಂದರೆ ಇಟ್ಟಿಗೆ. ಮೊದಲು ಅದರ ಮೇಲೆ ಮಾತು. ಆಮೇಲೆ ಪದ ಒಡೆದು ತ, ತೆ, ತಿ, ತೊ, ತು ಎಂದು ಸಾಲು ಮಾಡಿ ಹೊಸ ಪದ ಕಟ್ಟಿಸುವುದು. ಇದು ನಮ್ಮ ಕಾಗುಣಿತವೇ ಅಲ್ವಾ? ಅವರು ಕೂತು ತಯಾರಿಸಿದಂಥ ಪಟ್ಟಿ ನಮ್ಮ ಶಾಲೆಯ ಗೋಡೆ ಮೇಲೆ ಸುಣ್ಣ ಹೊಡೆದಾಗಿನಿಂದ ಇದೆ. ನಮ್ಮಲ್ಲಿ ಇಲ್ಲದ್ದು ಮೊದಲ ಭಾಗ, ಆ ಮಾತು.

ಮೊದಲ ವರ್ಷ ಪೂರ್ತಿ ದಂಡ. ಬಯಲುಸೀಮೆ ಕಡೆಯ ಗೆಳೆಯರು ಮಾಡಿದ್ದ ಪದಗಳ ಕಿಟ್ ಕೈಗೆ ಸಿಕ್ಕಿತ್ತು. ಹೊಲ, ನೇಗಿಲು, ರಾಶಿ. ಕಾಫಿ ಗಿಡದ ಬುಡದಲ್ಲಿ ಬೆಳೆದ ಮಕ್ಕಳಿಗೆ ನೇಗಿಲು ಕಟ್ಟಿಕೊಂಡು ಏನಾಗಬೇಕು? ಆ ಕಾರ್ಡುಗಳ ಕಲರ್ ಪ್ರಿಂಟ್, ಲ್ಯಾಮಿನೇಷನ್ ಅಂತ ಮೂರು ಸಾವಿರದಷ್ಟು ನನ್ನ ಜೇಬಿನಿಂದಲೇ ಹೋಯಿತು. ಜುಲೈ ಬರುವಷ್ಟರಲ್ಲಿ ಅಂಚು ಬಿಟ್ಟುಕೊಂಡು ಒಳಗೆ ಬೂಷ್ಟು ಹಿಡಿಯಿತು. ಮಲೆನಾಡಿನಲ್ಲಿ ಲ್ಯಾಮಿನೇಷನ್‌ಗೆ ದುಡ್ಡು ಹಾಕಬೇಡಿ, ಇದೊಂದು ಮಾತು ಕೇಳಿ. ಈಗ ಹಳೇ ಫ್ಲೆಕ್ಸ್ ಬ್ಯಾನರಿನ ಹಿಂಬದಿಯ ಬಿಳಿ ಭಾಗ ಕತ್ತರಿಸಿ ಪರ್ಮನೆಂಟ್ ಮಾರ್ಕರಿನಲ್ಲಿ ಬರೆಯುತ್ತೇನೆ. ಜಾತ್ರೆ, ಹುಟ್ಟುಹಬ್ಬ, ಚುನಾವಣೆ ಯಾವುದಾದರೂ ಆಗಲಿ, ಫ್ಲೆಕ್ಸಿಗೆ ಬರ ಇಲ್ಲ. ಖರ್ಚು ಮಾರ್ಕರಿನದು ಮಾತ್ರ.

ವೃತ್ತಾಕಾರದಲ್ಲಿ ಕೂರಿಸಿ "ನಿಮ್ಮ ಮನೆಯ ಸಮಸ್ಯೆ ಏನು?" ಎಂದು ಕೇಳುವ ಪ್ರಯೋಗವೂ ಆಯಿತು. ಮಕ್ಕಳು ನೆಲ ನೋಡುತ್ತಾ ಕೂತರು. ಒಬ್ಬಳು ಮಾತ್ರ "ನೀವೇ ಹೇಳಿ ಸಾರ್, ಬರ್ಕೋತೀವಿ" ಅಂದಳು. ಬಡತನದ ಬಗ್ಗೆ ಬಡವರ ಮಕ್ಕಳನ್ನೇ ಕೇಳಿದರೆ ಉತ್ತರ ಬರುವುದಿಲ್ಲ, ನಾಚಿಕೆ ಬರುತ್ತದೆ. ವಸ್ತು ಮುಂದಿಡಬೇಕು, ಅಂಕಿ ಮುಂದಿಡಬೇಕು.

ಆ ವಸ್ತು ಸಿಕ್ಕಿದ್ದು ಮಗುವೊಂದರ ಕಂಪಾಸ್ ಬಾಕ್ಸಿನಲ್ಲಿ ಮಡಚಿಟ್ಟಿದ್ದ ಕಾಫಿ ಕುಯ್ಲಿನ ತೂಕದ ಚೀಟಿಯಿಂದ. ತೋಟದಲ್ಲಿ ಹಣ್ಣು ಕುಯ್ದು ಕಣಕ್ಕೆ ತಂದು ತೂಗಿಸಿದಾಗ ರೈಟರ್ (ತೋಟದ ಗುಮಾಸ್ತ) ಬರೆದುಕೊಡುತ್ತಾರಲ್ಲ, ಅದು. ಬೆಳಿಗ್ಗೆ 38, ಸಂಜೆ 41, ಚೀಲಕ್ಕೆ ಕಳೆದದ್ದು 2, ನಿಕ್ಕಿ, ಅಂದರೆ ಕಳೆದು ಉಳಿದ ತೂಕ, 77 ಕೆಜಿ. ಚೂರು ಕಾಗದ, ಆದರೆ ತೂಕ, ಚೀಲ, ಕೂಲಿ, ಬಾಕಿ, ಮುಂಗಡ, ಮೇಸ್ತ್ರಿ ಎಲ್ಲ ಅದರಲ್ಲೇ ಇವೆ. 'ಮೇಸ್ತ್ರಿ'ಯಲ್ಲಿ ಎರಡೆರಡು ಒತ್ತು ಇದ್ದರೂ ಒಂದು ಮಗುವೂ ನಿಲ್ಲಲಿಲ್ಲ. 'ಸ್ತ್ರೀ' ಎಂದು ಪುಸ್ತಕದಲ್ಲಿ ಬಂದಾಗ ನಿಲ್ಲುತ್ತಿದ್ದದ್ದು ಇದೇ ಮಕ್ಕಳು.

ನಿಜವಾದ ಪಾಠ ಶುರುವಾಗಿದ್ದು ಆ ಎರಡು ಕೆಜಿಯಿಂದ. "ಚೀಲ ಅಷ್ಟು ಭಾರ ಇರುತ್ತಾ ಸಾರ್?" ಎಂದು ಒಬ್ಬ ಕೇಳಿದ. ನಾನು ಉತ್ತರ ಹೇಳಲಿಲ್ಲ. ಮುನ್ನೂರೈವತ್ತೋ ನಾನೂರೋ ಕೊಟ್ಟು ಕೊಕ್ಕೆಯ ಡಿಜಿಟಲ್ ತಕ್ಕಡಿ ತರಿಸಿದೆ. ಖಾಲಿ ಪ್ಲಾಸ್ಟಿಕ್ ಚೀಲ ತೂಗಿದರೆ ನೂರು ಗ್ರಾಂ ಆಸುಪಾಸು. ಒಣಗಿದ ಗೋಣಿ ಮುಕ್ಕಾಲು ಕೆಜಿಯೂ ಇಲ್ಲ. ಅದನ್ನೇ ನೀರಲ್ಲಿ ಅದ್ದಿ ತೂಗಿದಾಗ ಒಂದೂವರೆ ಹತ್ತಿರ ಹೋಯಿತು. ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. ಆಗ ಸಣ್ಣ ತೋಟದ ಮನೆಯ ಹುಡುಗ ಎದ್ದು, "ಎಲೆ, ನೀರು, ಕಲ್ಲು ಎಲ್ಲ ಸೇರಿಸಿ ತೂಗಿದ್ರೆ ನಮ್ಮಪ್ಪಂಗೆ ಲಾಸ್ ಅಲ್ವಾ?" ಎಂದ. ಎರಡು ಗುಂಪಾಯಿತು. ನಾನು ಬಾಯಿ ಮುಚ್ಚಿಕೊಂಡು ಕೂತೆ, ಅದೇ ಕಷ್ಟದ ಕೆಲಸ. ಮರುದಿನ "ಎಷ್ಟು ಕಳೆದರೆ ಸರಿ, ಯಾಕೆ?" ಎಂದು ಬರೆಯಲು ಹೇಳಿದೆ. ಒಂದು ಸಾಲು ಬರೆಯಲು ಪೆನ್ಸಿಲ್ ಚೀಪುತ್ತಿದ್ದವರು ಅರ್ಧ ಪುಟ ಬರೆದರು. ಕಾಗುಣಿತ ತಪ್ಪು ಬೇಕಾದಷ್ಟಿತ್ತು, ಇರಲಿ.

ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ಒಂದು ಮಗು ಮನೆಗೆ ಹೋಗಿ ಪ್ರಶ್ನೆ ಕೇಳಿತು, ಅಪ್ಪ ಕಣದಲ್ಲಿ ಕೇಳಿದರು, ಸಂಜೆಯೊಳಗೆ ಸುದ್ದಿ ಶಾಲೆಗೆ ಬಂತು. "ಮಕ್ಕಳಿಗೆ ಏನು ಹೇಳಿಕೊಡ್ತಿದ್ದೀರಾ?" ಎಂದು ರೈಟರ್ ಕೇಳಿದ್ದು ಹಾಗಿರಲಿ, ಆ ತಾಯಿ ಬಂದು "ನಮ್ಮ ಕೆಲ್ಸಕ್ಕೆ ಕಲ್ಲು ಹಾಕ್ಬೇಡಿ ಸಾರ್" ಅಂದರು. ಪುಸ್ತಕಗಳಲ್ಲಿ ಪ್ರಶ್ನೆ ಕೇಳುವುದು ಧೈರ್ಯ. ಇಲ್ಲಿ ಧೈರ್ಯ ನನ್ನದು, ಲೈನ್ ಮನೆ ಖಾಲಿ ಮಾಡಬೇಕಾಗಿ ಬರುವುದು ಅವರಿಗೆ. ಆಮೇಲೆ ವಿಧಾನ ಬದಲಾಯಿಸಿದೆ. ಹಿಂದಿನ ವರ್ಷದ ಚೀಟಿಗಳು ಮಾತ್ರ. ಐದಾರು ತೋಟಗಳದ್ದನ್ನು ಕಲಸಿ, ಹೆಸರಿನ ಭಾಗ ಕತ್ತರಿಸಿ ಹಾಕುತ್ತೇನೆ. ಸಣ್ಣ ಬೆಳೆಗಾರರು ವ್ಯಾಪಾರಿಗೆ ಮಾರಿದ ಬಿಲ್ಲುಗಳೂ ಜೊತೆಗಿರುತ್ತವೆ, ಏಕೆಂದರೆ ಅಲ್ಲೂ ಕಳೆಯುವ ಕೈ ಇದ್ದೇ ಇರುತ್ತದೆ. ಆ ರೈಟರ್ ಈಗ ತಾವೇ ಹಳೇ ಚೀಟಿ ಪುಸ್ತಕ ತಂದುಕೊಡುತ್ತಾರೆ. ಅವರನ್ನು ಹೇಗೆ ಒಲಿಸಿಕೊಂಡೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕಾಗ ಹೇಳುತ್ತೇನೆ.

ಇನ್ನೊಂದು ತಲೆನೋವು ಹಾಜರಿ. ಡಿಸೆಂಬರ್, ಜನವರಿ ಕುಯ್ಲಲ್ಲಿ ದೊಡ್ಡ ಮಕ್ಕಳು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಲೈನಲ್ಲೇ ಉಳಿಯುತ್ತಾರೆ. ಬೈದು ಪ್ರಯೋಜನವಿಲ್ಲ. ಚಿಕ್ಕವರನ್ನೂ ಕರೆದುಕೊಂಡು ಬನ್ನಿ ಎಂದೆ. ಬಿಸಿಯೂಟದ ಅಮ್ಮ ಗೊಣಗಿದರು, ಹೆಡ್ ಮೇಡಂ ಕಂಡೂ ಕಾಣದ ಹಾಗೆ ಇದ್ದರು. ಆದರೂ ಕ್ಲಾಸು ಸುಮಾರಾಗಿ ತುಂಬಿತು. ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳಿಗಾಗಿ ಅವರ ಮಾತಿನ ಪದಗಳನ್ನೂ ಫ್ಲೆಕ್ಸಿಗೆ ಏರಿಸಿದೆ, ನಮ್ಮ ಹುಡುಗರು ಚೆನ್ನಾಗಿಯೇ ಕಲಿತರು. ಪದ ಕೊಟ್ಟವರು ಮಾತ್ರ ಕುಯ್ಲು ಮುಗಿದ ಕೂಡಲೇ ಬೇರೆ ಕಡೆ ಹೊರಟುಹೋದರು. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ನಡುವೆ ಒಂದು ಸಣ್ಣ ಪ್ರಯೋಗ, ಮಳೆ. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲೇ (ಇಂಚಿನ ನೂರನೇ ಒಂದು ಭಾಗ) ಹೇಳುವುದು ಗೊತ್ತಲ್ಲ. "ನಿನ್ನೆ ಒಂದಿಂಚು ಇಪ್ಪತ್ತು ಸೆಂಟು" ಎಂದರೆ 1.20. ದಶಮಾಂಶ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ನೇರ ಗೋಡೆಯ ಡಬ್ಬಿ, ಒಂದು ಸ್ಕೇಲು ಸಾಕು. ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡುವುದನ್ನು ಮಕ್ಕಳೇ ಪಂದ್ಯ ಕಟ್ಟಿ ಮಾಡುತ್ತಿದ್ದರು.

ಫಲ ಏನು ಅಂತ ಕೇಳುತ್ತೀರಿ. ಹೋದ ಮಾರ್ಚಿಗೆ ಐದನೇ ಕ್ಲಾಸಿನಲ್ಲಿ ತಡವರಿಸದೆ ಓದದವರು ಎರಡೋ ಮೂರೋ ಮಕ್ಕಳು ಮಾತ್ರ. ಪೋರ್ಷನ್ ಮುಗಿಯಲ್ಲ ಎಂದು ಹೆದರಿಸಿದವರಿಗೆ ಹೇಳುತ್ತೇನೆ, ನವೆಂಬರ್ ತನಕ ಹಿಂದಿದ್ದೆ, ಆಮೇಲೆ ಓದು ಬಂದ ಮಕ್ಕಳು ಪಾಠಗಳನ್ನು ತಾವೇ ಎಳೆದುಕೊಂಡು ಹೋದರು. ಬರೀ ಚೀಟಿ ತಂದು ಓದಿಸಿದ ಪಕ್ಕದ ಶಾಲೆಯವರಿಗೆ ಇದು ಆಗಲಿಲ್ಲ. ಅವರು ತಕ್ಕಡಿ ತರಲಿಲ್ಲ, ಜಗಳ ಆಗಲು ಬಿಡಲಿಲ್ಲ. ಜಗಳ ಇಲ್ಲದಿದ್ದರೆ ಚೀಟಿಯೂ ಇನ್ನೊಂದು ಕಲಿಕೋಪಕರಣ ಅಷ್ಟೇ.

ಈ ಸಲ ಕಾಳುಮೆಣಸಿಗೆ ಕೈ ಹಾಕಿದ್ದೇನೆ. ಹಸಿ ಮೂರು ಕೆಜಿ ಒಣಗಿದರೆ ಹೆಚ್ಚು ಕಡಿಮೆ ಒಂದು ಕೆಜಿ. ಶೇಕಡಾ ಲೆಕ್ಕ ಅದರಲ್ಲೇ ಮುಗಿಸುವ ಅಂದಾಜಿದೆ. ಕಾಳು ಕೊಡಲು ಒಬ್ಬ ತಂದೆ ಒಪ್ಪಿದ್ದಾರೆ, ಒಣಗಿಸಲು ಶಾಲೆಯ ಜಗಲಿ ಇದೆ. ಕೋತಿ ಕಾಯುವ ಪಾಳಿ ಮಕ್ಕಳೇ ಬರೆದಿಟ್ಟಿದ್ದಾರೆ.