ಮೊದಲು ಓವನ್, ಆಮೇಲೆ ಕಾವಲಿ: ಮನೆಯಲ್ಲಿ ನಾನು ಸ್ಟೇಕ್ ಮಾಡುವ ರೀತಿ

ಟೆಕ್ಸಸ್‌ನಲ್ಲಿ ಸ್ಟೇಕ್ (ಅಗಲವಾಗಿ ಕೊಯ್ದ ದನದ ಮಾಂಸದ ತುಂಡು) ಅಂದರೆ ಹಿತ್ತಲಿನ ಗ್ರಿಲ್ ಅಂತಲೇ ಲೆಕ್ಕ. ನಮ್ಮದು ಅಪಾರ್ಟ್‌ಮೆಂಟ್, ಬಾಲ್ಕನಿಯಲ್ಲಿ ಇದ್ದಿಲು ಹಚ್ಚುವ ಹಾಗಿಲ್ಲ. ಅದಕ್ಕೇ ಓವನ್ ಹಿಡಿದೆ. ಈಗ ಹಿತ್ತಲು ಸಿಕ್ಕರೂ ದಪ್ಪ ಸ್ಟೇಕ್‌ಗೆ ನಾನು ಓವನ್ ಬಿಡುವುದಿಲ್ಲ.

ದಪ್ಪ ಅಂದೆ, ನೋಡಿ, ಅದೇ ಮುಖ್ಯ. ಪ್ಯಾಕೆಟ್‌ನಲ್ಲಿ ತೆಳ್ಳಗೆ ಕೊಯ್ದಿಟ್ಟಿರುವುದಕ್ಕೆ ಓವನ್ ಬೇಕಾಗಿಲ್ಲ, ಕಾವಲಿಯ ಮೇಲೇ ಮುಗಿದುಹೋಗುತ್ತದೆ. ನಾನು ಮಾಂಸದ ಕೌಂಟರಿನಲ್ಲಿ ರಿಬ್‌ಐ, ಅಂದರೆ ಪಕ್ಕೆಲುಬಿನ ಭಾಗದ ತುಂಡು ಕೇಳಿ, ಒಂದೂವರೆ ಇಂಚು ದಪ್ಪಕ್ಕೆ ಕೊಯ್ಯಿಸಿಕೊಳ್ಳುತ್ತೇನೆ. ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಪ್ರೈಮ್ ಗ್ರೇಡ್ ದುಬಾರಿ. ಅದರ ಕೆಳಗಿನ ಚಾಯ್ಸ್ ಗ್ರೇಡಿನಲ್ಲೇ ಬಿಳಿ ಕೊಬ್ಬಿನ ಎಳೆ ಚೆನ್ನಾಗಿ ಹರಡಿರುವ ತುಂಡು ಹುಡುಕಿದರೆ ಸಾಕು.

ಹಿಂದಿನ ರಾತ್ರಿಯೇ ಎರಡೂ ಬದಿಗೆ ಕಲ್ಲುಪ್ಪು ಉದುರಿಸಿ, ತಂತಿಯ ಜಾಲರಿಯ ಮೇಲಿಟ್ಟು, ಮುಚ್ಚದೆ ಫ್ರಿಜ್‌ಗೆ ಇಡುತ್ತೇನೆ. ಉಪ್ಪು ಮೊದಲು ನೀರು ಬಿಡಿಸುತ್ತದೆ, ಆಮೇಲೆ ಆ ಉಪ್ಪುನೀರೇ ಮಾಂಸದೊಳಗೆ ಇಳಿಯುತ್ತದೆ. ಮಾರನೇ ದಿನ ಮುಟ್ಟಿದರೆ ಮೇಲ್ಮೈ ಒಣಗಿ, ಬಣ್ಣ ಗಾಢವಾಗಿರುತ್ತದೆ. ಶುಂಠಿ-ಬೆಳ್ಳುಳ್ಳಿ ಹಚ್ಚೋಣ ಅಂತ ನಮ್ಮವರಿಗೆ ಕೈ ತುರಿಸುತ್ತದೆ, ಅಲ್ವಾ? ಬೇಡ. ಕಾವಲಿಯಲ್ಲಿ ಅದು ಸೀದು ಕಹಿಯಾಗುತ್ತದೆ.

ಓವನ್ 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 120 ಸೆಲ್ಸಿಯಸ್. ಅಷ್ಟೇ. ಜಾಲರಿ ಸಮೇತ ಟ್ರೇಯಲ್ಲಿ ಒಳಗಿಡುತ್ತೇನೆ. ಸಣ್ಣ ಕಾವಿನಲ್ಲಿ ನಿಧಾನವಾಗಿ ಬೆಂದರೆ ಅಂಚಿನಿಂದ ನಡುವಿನವರೆಗೂ ಒಂದೇ ಗುಲಾಬಿ ಬಣ್ಣ ಬರುತ್ತದೆ. ಮೊದಲೇ ಜೋರು ಉರಿ ಕೊಟ್ಟರೆ ಹೊರಗಿನ ಅರ್ಧ ಇಂಚು ಬೂದು ಬಣ್ಣಕ್ಕೆ ತಿರುಗಿ ರಬ್ಬರಾಗುತ್ತದೆ, ನಡುವೆ ಇನ್ನೂ ಹಸಿ.

ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ. ಇಪ್ಪತ್ತು ನಿಮಿಷ ಆದ ಮೇಲೆ ಪಕ್ಕದಿಂದ, ಸರಿಯಾಗಿ ನಡುಮಧ್ಯಕ್ಕೆ ಚುಚ್ಚಿ ನೋಡುತ್ತೇನೆ. ನನ್ನದು ಮೀಡಿಯಂ ರೇರ್, ಅಂದರೆ ನಡುವೆ ಕೆಂಪು ಉಳಿಯುವಷ್ಟೇ ಬೆಂದದ್ದು; 115 ಡಿಗ್ರಿ ಫ್ಯಾರನ್‌ಹೀಟ್‌ಗೆ ಹೊರಗೆ. ನನ್ನ ಹೆಂಡತಿಗೆ ತಟ್ಟೆಯಲ್ಲಿ ಕೆಂಪು ಕಂಡರೆ ಆಗುವುದಿಲ್ಲ. ಅದು ರಕ್ತವಲ್ಲ, ಮಯೋಗ್ಲೋಬಿನ್ ಅನ್ನುವ ಮಾಂಸದ ಕೆಂಪು ಪ್ರೋಟೀನ್ ಬೆರೆತ ನೀರು ಅಂತ ಎಷ್ಟು ಹೇಳಿದರೂ ಅಷ್ಟೇ. ಅವಳದ್ದು 135ರವರೆಗೆ ಒಳಗೇ ಇರುತ್ತದೆ, ಕಾವಲಿ ಮುಗಿಯುವಷ್ಟರಲ್ಲಿ 145 ದಾಟುತ್ತದೆ. ಅಮೆರಿಕದ ಕೃಷಿ ಇಲಾಖೆ ಹೇಳುವುದೂ 145 ಡಿಗ್ರಿ, ಮೇಲೆ ಮೂರು ನಿಮಿಷ ಬಿಡುವು.

ಇನ್ನು ಕಾವಲಿ. ಊರಿಂದ ತಂದ ದೋಸೆ ಕಾವಲಿಯೇ ನನ್ನ ಎರಕದ ಕಬ್ಬಿಣದ ಪ್ಯಾನ್. ಕಿಟಕಿ ತೆಗೆದು, ಎಕ್ಸಾಸ್ಟ್ ಹಾಕಿ, ಜೋರು ಉರಿಯಲ್ಲಿ ಹೊಗೆ ಕಾಣುವವರೆಗೆ ಕಾಯಿಸುತ್ತೇನೆ. ಕಿಟಕಿ ತೆಗೆಯದಿದ್ದರೆ ಸ್ಮೋಕ್ ಅಲಾರಂ ಇಡೀ ಮಹಡಿಯನ್ನೇ ಎಬ್ಬಿಸುತ್ತದೆ. ಇಲ್ಲಿನವರು ಬೆಣ್ಣೆ ಹಾಕುತ್ತಾರೆ, ಆದರೆ ಅದರಲ್ಲಿರುವ ಹಾಲಿನ ಅಂಶ ಬೇಗ ಸೀಯುತ್ತದೆ. ನಾನು ಒಂದು ಚಮಚ ತುಪ್ಪ ಹಾಕುತ್ತೇನೆ. ಸ್ಟೇಕ್ ಇಟ್ಟ ತಕ್ಷಣ ಚೊರ್ ಅನ್ನಬೇಕು. ಮೇಲ್ಮೈಯಲ್ಲಿ ನೀರಿದ್ದರೆ ಅದು ಆವಿಯಾಗುವವರೆಗೆ ಕಂದು ಬಣ್ಣ ಹತ್ತುವುದೇ ಇಲ್ಲ. ರಾತ್ರಿಯಿಡೀ ಒಣಗಿಸಿದ್ದು ಇದಕ್ಕೇ. ಒಂದೊಂದು ಬದಿಗೆ ಒಂದು ನಿಮಿಷ. ಆಮೇಲೆ ಇಕ್ಕಳದಲ್ಲಿ ನಿಲ್ಲಿಸಿ ಹಿಡಿದು ಕೊಬ್ಬಿನ ಅಂಚನ್ನೂ ಕರಗಿಸುತ್ತೇನೆ. ಆ ಅಂಚು ಗರಿಗರಿಯಾಗದಿದ್ದರೆ ರಿಬ್‌ಐ ತಂದದ್ದೇ ದಂಡ.

ಕರಿಮೆಣಸು ಕೊನೆಗೆ, ಆಗಷ್ಟೇ ಕುಟ್ಟಿದ್ದು. ಕೊಯ್ಯುವಾಗ ಮಾಂಸದ ಎಳೆಗೆ ಅಡ್ಡಲಾಗಿ ಕೊಯ್ಯಿರಿ. ಉಳಿದರೆ ಮಾರನೇ ದಿನ ಮತ್ತೆ ಓವನ್‌ಗೆ ಇಡಲು ಹೋಗಬೇಡಿ. ತೆಳ್ಳಗೆ ಸೀಳಿ, ಈರುಳ್ಳಿ, ಹಸಿಮೆಣಸು, ಕರಿಬೇವಿನ ಜೊತೆ ಸುಮ್ನೆ ಒಂದು ಸುತ್ತು ಹುರಿದು ಚಪಾತಿಯೊಳಗೆ ಸುತ್ತಿ.