ಹಳದಿಗೆ ಎರಡು ಪಾಲು: ಲಿಥುವೇನಿಯಾ ಬಣ್ಣದ ಟೈ-ಡೈ ಅಂಗಿ ನಾನು ಮಾಡುವ ಬಗೆ

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಲಿಥುವೇನಿಯಾದ ಬಾಸ್ಕೆಟ್‌ಬಾಲ್ ತಂಡ ಹಿಂದಿನ ಸೋವಿಯತ್ ಗಣರಾಜ್ಯಗಳ ಜಂಟಿ ತಂಡವನ್ನು 82–78ರಿಂದ ಸೋಲಿಸಿ ಕಂಚು ಗೆದ್ದಿತು. ಸಬೋನಿಸ್, ಮಾರ್ಚುಲ್ಯೋನಿಸ್ ಮೊದಲಾದ ಆಟಗಾರರಿದ್ದ ಆ ತಂಡ ಪದಕದ ವೇದಿಕೆ ಹತ್ತಿದ್ದು ದೇಶದ ಧ್ವಜದ ಹಳದಿ, ಹಸಿರು, ಕೆಂಪಿನ ಟೈ-ಡೈ (ಬಟ್ಟೆಯನ್ನು ಸುತ್ತಿ ಕಟ್ಟಿ ಬಣ್ಣ ಹಾಕಿದ) ಅಂಗಿಯಲ್ಲಿ. ಕೈಯಲ್ಲಿ ಕಾಸಿಲ್ಲದ ಆ ತಂಡಕ್ಕೆ ಕ್ಯಾಲಿಫೋರ್ನಿಯಾದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್ ನೆರವಾಗಿತ್ತು. ಅಂಗಿಯ ಮೇಲಿನ ಡಂಕ್ ಮಾಡುವ (ಹಾರಿ ಚೆಂಡನ್ನು ಬುಟ್ಟಿಗೆ ತುರುಕುವ) ಅಸ್ಥಿಪಂಜರ ಕಲಾವಿದ ಗ್ರೆಗ್ ಸ್ಪಿಯರ್ಸ್ ಅವರ ರಚನೆ, ಅದನ್ನು ಎತ್ತಿಕೊಳ್ಳುವುದು ಸಲ್ಲ. ನಾನು ಬಣ್ಣಗಳನ್ನಷ್ಟೇ ತೆಗೆದುಕೊಂಡು ಚಿತ್ರವನ್ನು ನಾನೇ ಬರೆಯುತ್ತೇನೆ: ಗಿಟಾರಿನ ತುದಿಯಲ್ಲಿ ತಿರುಗುವ ಚೆಂಡು.

ಬಟ್ಟೆ ಅಪ್ಪಟ ಹತ್ತಿಯದಾಗಿರಲಿ, 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ) ಸಾಕು. ಪಾಲಿಯೆಸ್ಟರ್ ಜೆರ್ಸಿಗೆ ಈ ಬಣ್ಣ ಹಿಡಿಯುವುದೇ ಇಲ್ಲ. ಹೊಸ ಅಂಗಿಯಲ್ಲಿ ಮೆದುಗೊಳಿಸುವ ಲೇಪನ ಇರುತ್ತದೆ. ಬಿಸಿನೀರು, ಡಿಟರ್ಜೆಂಟ್ ಹಾಕಿ ಒಗೆಯದಿದ್ದರೆ ಅಲ್ಲಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ.

ಲೀಟರ್ ನೀರಿಗೆ 60 ಗ್ರಾಂ ಸೋಡಾ ಆ್ಯಶ್ (ಸೋಡಿಯಂ ಕಾರ್ಬೋನೇಟ್ ಎಂಬ ಕ್ಷಾರ) ಕರಗಿಸಿ ಅಂಗಿಯನ್ನು 20 ನಿಮಿಷ ನೆನೆಸಿ ಗಟ್ಟಿಯಾಗಿ ಹಿಂಡುತ್ತೇನೆ. ಬಣ್ಣ ತಣ್ಣೀರಿನಲ್ಲೇ ಹಿಡಿಯುವ ರಿಯಾಕ್ಟಿವ್ ಡೈ, ಅಂದರೆ ಹತ್ತಿಯ ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆಯುವ ಬಣ್ಣ. 100 ಮಿಲಿ ನೀರಿಗೆ 4 ಗ್ರಾಂ ಪುಡಿ, 10 ಗ್ರಾಂ ಯೂರಿಯಾ. ಗೊಬ್ಬರದ ಅಂಗಡಿಯ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನವಿರುತ್ತದೆ, ಅದು ಬೇಡ. ಪುಡಿ ಕಲೆಸುವಾಗ ಮಾಸ್ಕ್ ತಪ್ಪಿಸಲೇಬಾರದು, ಅದು ಉಸಿರಿನೊಳಗೆ ಹೋಗುವಂಥದ್ದಲ್ಲ. ಬೋರ್‌ವೆಲ್ ನೀರಿನ ಸುಣ್ಣದ ಅಂಶದಿಂದ ಬಣ್ಣ ಮಂಕಾಗುತ್ತದೆ, ಆದ್ದರಿಂದ ಮಳೆನೀರು ಅಥವಾ ಫಿಲ್ಟರ್ ನೀರು ಬಳಸುತ್ತೇನೆ.

ಎಲ್ಲಕ್ಕಿಂತ ಕಷ್ಟದ್ದು ಬಣ್ಣ ಹಾಕುವ ಕ್ರಮ. ಅಂಗಿಯನ್ನು ಎದೆಯ ನಡುವಿನಿಂದ ಫೋರ್ಕ್‌ನಲ್ಲಿ ತಿರುಚಿ ಚಕ್ಕುಲಿಯಂತೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಮೂರು ಪಾಲು ಮಾಡಿ ಮೂರು ಬಣ್ಣ ತುಂಬಿದರೆ ಕೆಂಪು ಮತ್ತು ಹಸಿರು ಎಲ್ಲೋ ಒಂದು ಕಡೆ ಮುಟ್ಟಲೇಬೇಕು. ಮುಟ್ಟಿದಲ್ಲಿ ಕಂದು, ಕೆಸರಿನ ಬಣ್ಣ. ಅದಕ್ಕೆ ಎರಡು ಬ್ಯಾಂಡನ್ನು ಅಡ್ಡಡ್ಡ ಹಾಕಿ ನಾಲ್ಕು ಪಾಲು ಮಾಡುವುದು ವಾಸಿ: ಹಳದಿ, ಹಸಿರು, ಹಳದಿ, ಕೆಂಪು. ಹಸಿರಿನ ಅಂಚಿನಲ್ಲಿ ಎಳೆಹಸಿರು, ಕೆಂಪಿನ ಅಂಚಿನಲ್ಲಿ ಕಿತ್ತಳೆ ಮೂಡುತ್ತದೆ, ಎರಡೂ ಚೆಂದ. ಒಂದು ಅಂಗಿಗೆ ಹಳದಿ 150 ಮಿಲಿ, ಉಳಿದೆರಡು 75 ಮಿಲಿಯಂತೆ ಬೇಕು. ಬಾಟಲಿಯ ಮೂತಿಯನ್ನು ಮಡಿಕೆಯೊಳಗೆ ತೂರಿಸಿ ಹಿಂಡಬೇಕು, ಮೇಲೆ ಸುರಿದರೆ ಒಳಗೆ ಬಿಳಿಯೇ ಉಳಿಯುತ್ತದೆ. ತಿರುಗಿಸಿದಾಗ ಹಿಂಬದಿಯಲ್ಲೂ ಅದೇ ಪಾಲಿಗೆ ಅದೇ ಬಣ್ಣ. ಕೆಳಗೆ ತೊಟ್ಟಿಕ್ಕಿದ ಬಣ್ಣದಲ್ಲಿ ಅಂಗಿ ಕೂರದಂತೆ ಜಾಲರಿಯ ಮೇಲಿಟ್ಟಿರಬೇಕು.

ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ 24 ಗಂಟೆ ಬಿಡುತ್ತೇನೆ. ಬೆಂಗಳೂರಿನ ಡಿಸೆಂಬರ್ ಚಳಿ ಇದಕ್ಕೆ ಆಗದು; 21 ಡಿಗ್ರಿಗಿಂತ ಬೆಚ್ಚಗಿರುವ ಜಾಗ ಬೇಕು. ಹಸಿರಿನಲ್ಲಿ ಟರ್ಕಾಯ್ಸ್ (ಹಸಿರು ಛಾಯೆಯ ನೀಲಿ) ಬೆರೆತಿದ್ದರೆ ಇನ್ನೂ ಬೆಚ್ಚಗಿರಲಿ, ಅದು ನಿಧಾನವಾಗಿ ಹಿಡಿಯುವ ಬಣ್ಣ. ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆಂದು ಹಲವರು ಹೇಳುತ್ತಾರೆ. ಹತ್ತಿಗೆ ಅದು ಉಲ್ಟಾ, ಈ ಡೈ ನೂಲಿಗೆ ಅಂಟಲು ಕ್ಷಾರವೇ ಬೇಕು.

ಮೊದಲು ಬ್ಯಾಂಡ್ ಬಿಚ್ಚದೆ ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಯಬೇಕು. ಬೇಗ ಬಿಚ್ಚಿದರೆ ಕೆಂಪು ಹರಿದು ಹಳದಿಯ ಮೇಲೆ ಕೂರುತ್ತದೆ. ನೀರು ತಿಳಿಯಾದ ಮೇಲೆ ಬಿಚ್ಚಿ, 60 ಡಿಗ್ರಿ ನೀರಿನಲ್ಲಿ ಸೋಪು ಹಾಕಿ ಒಗೆತ. ಒದ್ದೆ ಬಿಳಿ ಬಟ್ಟೆಯನ್ನು ಅಂಗಿಯ ಮೇಲಿಟ್ಟು ಇಸ್ತ್ರಿ ಒತ್ತಿದಾಗ ಬಣ್ಣ ಅಂಟದಿದ್ದರೆ ಮಾತ್ರ ಚಿತ್ರದ ಸ್ಕ್ರೀನ್ ಪ್ರಿಂಟಿಂಗ್‌ಗೆ ಹೋಗುತ್ತೇನೆ. ಇಲ್ಲದಿದ್ದರೆ ಬಿಳಿ ಇಂಕ್ ಗುಲಾಬಿಗೆ ತಿರುಗುತ್ತದೆ.

ಸ್ಕ್ರೀನ್‌ಗೆ 43ಟಿ ಮೆಶ್ (ಸೆಂಟಿಮೀಟರಿಗೆ 43 ಎಳೆಗಳ ಬಲೆ), ಬಟ್ಟೆಗೂ ಸ್ಕ್ರೀನಿಗೂ ನಡುವೆ 3 ಮಿಮೀ ಅಂತರ. ಸುರುಳಿಯ ನಡುಬಿಂದುವಿಗೆ ಚೆಂಡಿನ ನಡುಬಿಂದು ಸೇರುವಂತೆ ಕೂರಿಸಿದರೆ ಚೆಂಡು ನಿಜಕ್ಕೂ ತಿರುಗಿದಂತೆ ಕಾಣುತ್ತದೆ. ನೀರು ಆಧಾರಿತ ಬಿಳಿ ಇಂಕ್ ಅನ್ನು ಸ್ಕ್ರೀನಿನ ಮೇಲೆ ರಬ್ಬರ್ ಪಟ್ಟಿಯಿಂದ ಎರಡು ಸಲ ಎಳೆದು, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ ಅದರ ಮೇಲೆ ಕಪ್ಪು ಗೆರೆ. ಪೂರ್ತಿ ಒಣಗಿದ ಮೇಲೆ ಒಳಮೈಯಿಂದ ಬಿಸಿ ಇಸ್ತ್ರಿ 4–5 ನಿಮಿಷ. ಆಮೇಲೂ ಮೂರು ದಿನ ನೀರು ಮುಟ್ಟಿಸದೆ, ಮೊದಲ ಒಗೆತಕ್ಕೆ ಅಂಗಿಯನ್ನು ಒಳಹೊರಗು ಮಾಡಿ ಹಾಕುತ್ತೇನೆ.