ಪಿಯುಸಿ ಎಸ್‌ಇಬಿಎ: ಸ್ಟ್ಯಾಟ್ಸ್, ಬಿಸಿನೆಸ್ ಎರಡನ್ನೂ ಒಟ್ಟಿಗೆ ಓದೋದು ಹೇಗೆ

ಎಸ್ಸೆಸ್ಸೆಲ್ಸಿ ಮುಗಿಸಿ ಕಾಮರ್ಸ್ ಸೇರುವ ಮಕ್ಕಳಲ್ಲಿ ಬಹಳ ಜನ ಕಾಂಬಿನೇಷನ್ ಆರಿಸೋದು ಗೆಳೆಯರನ್ನು ನೋಡಿ. ಅವನು ಎಸ್‌ಇಬಿಎ ತಗೊಂಡ, ನಾನೂ ತಗೊಂಡೆ, ಅಷ್ಟೇ. ಆಮೇಲೆ ಸ್ಟ್ಯಾಟ್ಸ್ ಮೇಷ್ಟ್ರು ಬೋರ್ಡ್ ಮೇಲೆ ಸಿಗ್ಮಾ ಬರೆದಾಗ ಎದೆ ಧಸಕ್ ಅನ್ನುತ್ತದೆ. ಹಾಸನ, ಚಿಕ್ಕಮಗಳೂರು ಕಡೆ ಈಗಷ್ಟೇ ಸೇರಿರುವವರಿಗೆ ಮತ್ತು ಸೇರೋಣವಾ ಬೇಡವಾ ಅಂತ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೇರುವವರಿಗೆ ಒಂದು ಮಾತು. ಎಸ್‌ಇಬಿಎ ಅಂದರೆ ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಜೊತೆಗೆ ಎರಡು ಭಾಷೆ. ಎರಡು ವರ್ಷದ ಓದು, ಸೆಕೆಂಡ್ ಪಿಯುಸಿಯಲ್ಲಿ ಒಟ್ಟು 600 ಅಂಕ. ಈ ನಾಲ್ಕರಲ್ಲಿ ಗಣಿತ ಇಲ್ಲ, ನೋಡಿಕೊಳ್ಳಿ. ಸ್ಟ್ಯಾಟ್ಸ್ ಇದೆಯಲ್ಲ, ಗಣಿತದ ಲೆಕ್ಕಕ್ಕೆ ಅದೇ ಸಾಕು ಅಂದುಕೊಂಡು ಎರಡು ವರ್ಷ ಆದಮೇಲೆ ಪೇಚಾಡುವವರಿದ್ದಾರೆ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಬಿ.ಸ್ಟ್ಯಾಟ್ ಸೇರಬೇಕು ಅಂದರೂ ಪಿಯುಸಿಯಲ್ಲಿ ಗಣಿತ ಓದಿರಲೇಬೇಕು. ಅಂಥ ಆಸೆ ಇದ್ದರೆ ಎಂಎಸ್‌ಬಿಎ ಅಂತ ಇದೆ, ಅದರಲ್ಲಿ ಎಕನಾಮಿಕ್ಸ್ ಬದಲು ಗಣಿತ ಬರುತ್ತದೆ. ಎಲ್ಲ ಕಾಲೇಜಲ್ಲೂ ಇರಲ್ಲ, ಸ್ಟ್ಯಾಟ್ಸೇ ಎಷ್ಟೋ ಕಡೆ ಇರಲ್ಲ, ಹಾಗಾಗಿ ಫೀಸು ಕಟ್ಟುವ ಮುಂಚೆ ಆ ಸಬ್ಜೆಕ್ಟಿಗೆ ಖಾಯಂ ಲೆಕ್ಚರರ್ ಇದ್ದಾರಾ ಅಂತ ಸೀನಿಯರ್‌ಗಳನ್ನು ಕೇಳಿ. ಬಿ.ಕಾಂ, ಬಿಬಿಎ, ಸಿಎ ಅಂತ ಹೋಗುವವರಿಗೆ ಎಸ್‌ಇಬಿಎ ಚೆನ್ನಾಗಿಯೇ ಹೊಂದುತ್ತದೆ.

ಈಗ ಓದುವ ವಿಷಯ. ಮಕ್ಕಳು ಸಾಮಾನ್ಯವಾಗಿ ಸ್ಟ್ಯಾಟ್ಸ್ ಅಂದರೆ ಲೆಕ್ಕ, ಬಿಸಿನೆಸ್ ಸ್ಟಡೀಸ್ ಅಂದರೆ ಬಾಯಿಪಾಠ ಅಂತ ಎರಡನ್ನೂ ಬೇರೆ ಬೇರೆ ಇಡುತ್ತಾರೆ. ನನ್ನ ಪ್ರಕಾರ ಎಲ್ಲಾ ಕಷ್ಟ ಶುರುವಾಗೋದೇ ಇಲ್ಲಿಂದ. ಸ್ಟ್ಯಾಟ್ಸಿನಲ್ಲಿ ಉತ್ತರ ಬಂದ ಕೂಡಲೇ ಅಡಿಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗಬೇಡಿ. ಆ ಉತ್ತರದ ಕೆಳಗೆ ಒಂದೇ ಒಂದು ಸಾಲು ಬರೆಯಿರಿ: ಇದರಿಂದ ಅಂಗಡಿಯವನಿಗೆ, ಕೊಳ್ಳುವವನಿಗೆ, ಇಲ್ಲ ಫ್ಯಾಕ್ಟರಿಯವನಿಗೆ ಏನು ಗೊತ್ತಾಯಿತು? ಕನ್ನಡದಲ್ಲೇ ಬರೆಯಿರಿ, ತಪ್ಪಿಲ್ಲ. ಆ ಸಾಲು ಬರೆಯೋಕೆ ಆಗದಿದ್ದರೆ ಲೆಕ್ಕ ಸರಿ ಬಂದಿದ್ದರೂ ಪಾಠ ಅರ್ಥ ಆಗಿಲ್ಲ ಅಂತ ತಿಳಿದುಕೊಳ್ಳಿ.

ಸೆಕೆಂಡ್ ಪಿಯುಸಿಯ ಇಂಡೆಕ್ಸ್ ನಂಬರ್ (ಸೂಚ್ಯಂಕ, ಬೆಲೆ ಎಷ್ಟು ಏರಿತು ಅಂತ ನೂರಕ್ಕೆ ಹೋಲಿಸಿ ಹೇಳುವ ಸಂಖ್ಯೆ) ಪಾಠವನ್ನೇ ನೋಡಿ, ಹೇಗೆ ಅಂತ ತೋರಿಸುತ್ತೇನೆ. ಒಂದು ಮನೆಗೆ ತಿಂಗಳಿಗೆ 25 ಕೆಜಿ ಅಕ್ಕಿ, 1 ಕೆಜಿ ಕಾಫಿಪುಡಿ, 30 ಲೀಟರ್ ಹಾಲು ಬೇಕು ಅಂತ ಇಟ್ಟುಕೊಳ್ಳೋಣ. ಸಂಖ್ಯೆ ಎಲ್ಲ ಸುಮ್ನೆ ಲೆಕ್ಕಕ್ಕೆ ಹಾಕಿದ್ದು. ಅಕ್ಕಿ ಕೆಜಿಗೆ 40 ಇದ್ದದ್ದು 50 ಆಯಿತು, ಕಾಫಿಪುಡಿ 400 ಇದ್ದದ್ದು 600 ಆಯಿತು, ಹಾಲು 40 ಇದ್ದದ್ದು 50 ಆಯಿತು. ಹಳೇ ಬೆಲೆಯನ್ನು 100 ಅಂತ ಇಟ್ಟುಕೊಂಡರೆ ಮೂರರ ಹೊಸ ಬೆಲೆ 125, 150, 125. ಇವುಗಳ ಸುಮ್ನೆ ಸರಾಸರಿ ತೆಗೆದರೆ 133.33. ಅಂದರೆ ಖರ್ಚು ನೂರಕ್ಕೆ 33 ರೂಪಾಯಿ ಜಾಸ್ತಿ ಆಯಿತಾ? ಇಲ್ಲ. ಮೊದಲು ತಿಂಗಳ ಬಿಲ್ 1000, 400, 1200 ಸೇರಿ 2600. ಈಗ ಅದೇ ಸಾಮಾನಿಗೆ 1250, 600, 1500 ಸೇರಿ 3350. 3350ನ್ನು 2600ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 128.85. ಇದು ಲಾಸ್ಪೆಯರ್ಸ್ ಸೂಚ್ಯಂಕ, ಅಂದರೆ ಹಳೇ ವರ್ಷದ ಪ್ರಮಾಣವನ್ನೇ ಇಟ್ಟುಕೊಂಡು ಮಾಡುವ ಲೆಕ್ಕ. ಕಾಫಿಪುಡಿ ಒಂದೂವರೆ ಪಟ್ಟು ಆದರೂ ಬಿಲ್ಲಿನಲ್ಲಿ ಅದರ ಪಾಲು ಚಿಕ್ಕದು, ಅದಕ್ಕೇ ಒಟ್ಟು ಏರಿಕೆ ಅಷ್ಟು ಕಾಣಲ್ಲ. ತೂಕ ಕೊಡೋದು ಅಂತ ಪುಸ್ತಕದಲ್ಲಿ ಅರ್ಧ ಪುಟ ಇರೋದು ಇಷ್ಟೇ ವಿಷಯ.

ಮುಂದುವರಿಸಿ. ಬೆಲೆ ಏರಿದ ಮೇಲೆ ಮನೆಯವರು ಕಾಫಿಪುಡಿಯನ್ನು ಅರ್ಧ ಕೆಜಿಗೆ ಇಳಿಸಿದರು ಅನ್ನಿ. (ಮಲೆನಾಡಲ್ಲಿ ಯಾರೂ ಇಳಿಸಲ್ಲ, ಅದು ಬೇರೆ ಮಾತು.) ಈಗ ಹೊಸ ಪ್ರಮಾಣ ಇಟ್ಟುಕೊಂಡು ಮಾಡಿದರೆ 3050ನ್ನು 2400ರಿಂದ ಭಾಗಿಸಬೇಕು, 127.08 ಬರುತ್ತದೆ. ಇದು ಪಾಶೆ ಸೂಚ್ಯಂಕ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಫಿಶರ್ ಸೂಚ್ಯಂಕ, 127.96. ಮೂರು ಸೂತ್ರ ಬಾಯಿಪಾಠ ಮಾಡುವ ಬದಲು ಹಳೇ ಬಿಲ್ ಯಾವುದು, ಹೊಸ ಬಿಲ್ ಯಾವುದು, ಯಾರ ಪ್ರಮಾಣ ಹಾಕಿದೆ ಅಂತ ಕೇಳಿಕೊಳ್ಳಿ. ಸೂತ್ರದ ಪಿ ಸೊನ್ನೆ (ಹಳೇ ಬೆಲೆ), ಕ್ಯೂ ಒಂದು (ಹೊಸ ಪ್ರಮಾಣ) ಎಲ್ಲ ತಾನಾಗಿ ಜಾಗಕ್ಕೆ ಕೂರುತ್ತದೆ.

ಎಲ್ಲರೂ ಹೆದರುವ ಪಾಠ ಸ್ಟ್ಯಾಟಿಸ್ಟಿಕಲ್ ಇನ್ಫರೆನ್ಸ್, ಅಂದರೆ ಕೆಲವನ್ನು ನೋಡಿ ಎಲ್ಲದರ ಬಗ್ಗೆ ತೀರ್ಮಾನ ಮಾಡೋದು. ಅದೂ ಹೀಗೇ. 200 ಗ್ರಾಂ ಅಂತ ಬರೆದ ಕಾಫಿಪುಡಿ ಪ್ಯಾಕೆಟ್ಟಿನಲ್ಲಿ ಕಡಿಮೆ ತೂಗುತ್ತಿದೆ ಅಂತ ಗಿರಾಕಿಗಳ ದೂರು. 36 ಪ್ಯಾಕೆಟ್ ತೂಗಿ ನೋಡಿದರೆ ಸರಾಸರಿ 197, ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ತೂಕ ಎಷ್ಟು ಆಚೀಚೆ ಆಗುತ್ತದೆ ಅನ್ನೋ ಅಳತೆ) 6. ಆರನ್ನು 36ರ ವರ್ಗಮೂಲದಿಂದ ಭಾಗಿಸಿದರೆ 1. ಹಾಗಾಗಿ ಝಡ್ ಬೆಲೆ, ಅಂದರೆ 197ರಿಂದ 200 ಕಳೆದು ಆ 1ರಿಂದ ಭಾಗಿಸಿದ್ದು, ಮೈನಸ್ 3. ದೂರು ಇರೋದು ಕಡಿಮೆ ಅಂತ, ಆದ್ದರಿಂದ ಒಂದೇ ಕಡೆಯ ಬಾಲ, ಶೇ 5ರ ಮಟ್ಟದಲ್ಲಿ ಗಡಿ ಮೈನಸ್ 1.65. ನಮ್ಮ ಮೈನಸ್ 3 ಗಡಿ ದಾಟಿ ಆಚೆ ಹೋಗಿದೆ, ಎಚ್ ನಾಟ್ (ಸರಾಸರಿ 200 ಗ್ರಾಂ ಇದೆ ಅನ್ನೋ ಊಹೆ) ತಿರಸ್ಕಾರ. ಇಲ್ಲಿಗೆ ಸ್ಟ್ಯಾಟ್ಸ್ ಮುಗಿಯಿತು, ಆದರೆ ನೀವು ನಿಲ್ಲಿಸಬೇಡಿ. 'ಪ್ಯಾಕೆಟ್ಟಿನಲ್ಲಿ ಸರಾಸರಿ 200 ಗ್ರಾಂಗಿಂತ ಕಡಿಮೆ ಇದೆ ಅನ್ನೋಕೆ ಆಧಾರ ಇದೆ, ದೂರು ಸರಿ' ಅಂತ ಬರೆಯಿರಿ. ಬರೆದ ಕೂಡಲೇ ಬಿಸಿನೆಸ್ ಸ್ಟಡೀಸಿನ ಕೊನೆಯ ಕಡೆ ಇರುವ ಕನ್ಸ್ಯೂಮರ್ ಪ್ರೊಟೆಕ್ಷನ್ ಪಾಠ ತೆಗೆಯಿರಿ. ಈ ಗಿರಾಕಿಗೆ ಯಾವ ಹಕ್ಕು ಇದೆ, ಎಲ್ಲಿ ದೂರು ಕೊಡಬೇಕು, 1986ರ ಕಾಯ್ದೆ ಹೋಗಿ 2019ರ ಕಾಯ್ದೆ ಬಂದಾಗ ಏನು ಬದಲಾಯಿತು, ಇದೇ ಉದಾಹರಣೆ ಇಟ್ಟುಕೊಂಡು ಓದಿ. ಒಂದು ಕಾಫಿಪುಡಿ ಪ್ಯಾಕೆಟ್, ಎರಡು ಪೇಪರ್.

ಹಾಗೇ ಟಿ ಪರೀಕ್ಷೆ. ಅದನ್ನು ಕಂಡುಹಿಡಿದ ಗಾಸೆಟ್ ಐರ್ಲೆಂಡಿನ ಗಿನ್ನೆಸ್ ಬಿಯರ್ ಕಂಪನಿಯ ನೌಕರ. 1908ರಲ್ಲಿ 'ಸ್ಟೂಡೆಂಟ್' ಅನ್ನೋ ಗುಪ್ತ ಹೆಸರಲ್ಲಿ ಪ್ರಕಟಿಸಿದ. ಕಂಪನಿಯ ಪ್ರಯೋಗಗಳಲ್ಲಿ ಸಿಗುತ್ತಿದ್ದದ್ದು ಕೆಲವೇ ಸ್ಯಾಂಪಲ್, ಅಷ್ಟರಲ್ಲೇ ತೀರ್ಮಾನ ಮಾಡಬೇಕಿತ್ತು. ಸ್ಯಾಂಪಲ್ 30ಕ್ಕಿಂತ ಕಡಿಮೆ ಇದ್ದರೆ ಟಿ ಯಾಕೆ ಅನ್ನೋದು ಇನ್ನು ಮರೆಯಲ್ಲ ಅಲ್ವಾ?

ಟೈಮ್ ಸೀರೀಸ್ (ಕಾಲಕ್ರಮದಲ್ಲಿ ಬರೆದಿಟ್ಟ ಸಂಖ್ಯೆಗಳ ಸರಣಿ) ಪಾಠಕ್ಕೆ ನಮ್ಮ ಕಡೆಯವರಿಗೆ ಪುಸ್ತಕವೇ ಬೇಡ. ಸಕಲೇಶಪುರ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರು ಎಲ್ಲಿಂದ ಬರುವವರಾದರೂ ಕಾಫಿ ವ್ಯಾಪಾರಿಯ ಅಂಗಡಿ ಮುಂದಿನ ಬೋರ್ಡ್ ನೋಡಿಯೇ ಇರುತ್ತೀರಿ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ, 50 ಕೆಜಿ ಮೂಟೆಗೆ ಇಷ್ಟು ಅಂತ. ಪ್ರತಿ ಶನಿವಾರ ಯಾವುದಾದರೂ ಒಂದರ ರೇಟು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೆಲವು ತಿಂಗಳಲ್ಲಿ ನಿಮ್ಮದೇ ಸರಣಿ ಸಿಗುತ್ತದೆ, ಮೂವಿಂಗ್ ಆವರೇಜ್ (ಒಂದೊಂದೇ ಮುಂದೆ ಸರಿಯುತ್ತಾ ಅಕ್ಕಪಕ್ಕದ ಕೆಲವು ಸಂಖ್ಯೆಗಳ ಸರಾಸರಿ ತೆಗೆಯೋದು) ಅದರ ಮೇಲೆ ಮಾಡಿ. ಮೂರರದ್ದು ತೆಗೆದರೆ ಮೊದಲ ಮತ್ತು ಕೊನೆಯ ಜಾಗ ಖಾಲಿ ಉಳಿಯುತ್ತದೆ, ನಾಲ್ಕರದ್ದಾದರೆ ಸೆಂಟ್ರಿಂಗ್ (ಪಕ್ಕಪಕ್ಕದ ಎರಡು ಸರಾಸರಿಗಳ ಸರಾಸರಿ) ಮಾಡಬೇಕು, ಎರಡೂ ಕಡೆ ಎರಡೆರಡು ಖಾಲಿ. ಹಣ್ಣು ಕೊಯ್ಲಿನ ಕಾಲಕ್ಕೆ ರೇಟು ಆಡುವುದು ಸೀಸನಲ್. ಬ್ರೆಜಿಲ್‌ನಲ್ಲಿ 2021ರಲ್ಲಿ ಹಿಮ ಬಿದ್ದು ಗಿಡ ಸುಟ್ಟಾಗ ರೇಟು ಜಿಗಿದದ್ದು ಇರ್‍ರೆಗ್ಯುಲರ್. ಅಷ್ಟು ದೂರದ ಹಿಮಕ್ಕೆ ನಮ್ಮೂರ ಬೋರ್ಡ್ ಯಾಕೆ ಅಲ್ಲಾಡಬೇಕು? ಅರೇಬಿಕಾ ರೇಟು ನ್ಯೂಯಾರ್ಕ್ ಮಾರುಕಟ್ಟೆ ನೋಡಿಕೊಂಡು, ರೊಬಸ್ಟಾ ರೇಟು ಲಂಡನ್ ನೋಡಿಕೊಂಡು ಓಡುತ್ತದೆ. ಬಿಸಿನೆಸ್ ಎನ್ವಿರಾನ್‌ಮೆಂಟ್ ಪಾಠದ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗಂತೂ ಗೊತ್ತಿಲ್ಲ.

ಬಿಸಿನೆಸ್ ಸ್ಟಡೀಸಿನಲ್ಲಿ ಮಕ್ಕಳು ಪಾಯಿಂಟ್ ಮರೆಯೋದಕ್ಕೆ ಕಾರಣ ಒಂದೇ, ಪಾಯಿಂಟ್ ಜೊತೆ ಚಿತ್ರ ಇರಲ್ಲ. ಫಸ್ಟ್ ಪಿಯುಸಿ ಮೊದಲ ಪಾಠದಲ್ಲಿ ವ್ಯಾಪಾರಕ್ಕೆ ನೆರವಾಗುವ ಸೇವೆಗಳು ಬರುತ್ತವೆ. ಹಾಸನ ಎಪಿಎಂಸಿಗೆ ಬಿತ್ತನೆ ಆಲೂಗಡ್ಡೆ ಬರೋದು ಪಂಜಾಬಿನ ಜಲಂಧರ್ ಕಡೆಯಿಂದ. ಲಾರಿ ದೂರದ ಅಡ್ಡಿ ತೆಗೆಯಿತು, ಕೋಲ್ಡ್ ಸ್ಟೋರೇಜ್ ಕಾಲದ ಅಡ್ಡಿ ತೆಗೆಯಿತು, ಬ್ಯಾಂಕು ದುಡ್ಡಿನ ಅಡ್ಡಿ, ವಿಮೆ ನಷ್ಟದ ಭಯ, ಜಾಹೀರಾತು ಗೊತ್ತಿಲ್ಲದಿರುವ ಅಡ್ಡಿ. ಐದು ಪಾಯಿಂಟ್ ಮುಗಿಯಿತು. ಸೆಕೆಂಡ್ ಪಿಯುಸಿಯಲ್ಲಿ ಮ್ಯಾನೇಜ್‌ಮೆಂಟ್ ಚಿಂತಕ ಫೇಯಾಲ್‌ನ 14 ತತ್ವ ಬರುತ್ತವೆ, ಅದರಲ್ಲಿ ಯೂನಿಟಿ ಆಫ್ ಕಮಾಂಡ್ ಮತ್ತು ಯೂನಿಟಿ ಆಫ್ ಡೈರೆಕ್ಷನ್ ಎರಡನ್ನೂ ಕಲಸುಮೇಲೋಗರ ಮಾಡದವರು ಕಮ್ಮಿ. ಎಸ್ಟೇಟಿನಲ್ಲಿ ರೈಟರ್ ಹಣ್ಣು ಕುಯ್ಯಿ ಅಂದು, ಅದೇ ಆಳಿಗೆ ಮೇಸ್ತ್ರಿ ಬಂದು ಕಳೆ ತೆಗಿ ಅಂದರೆ ಆಳು ಏನು ಮಾಡಬೇಕು? ಒಬ್ಬನಿಗೆ ಒಬ್ಬನೇ ಮೇಲಿನವನು ಇರಬೇಕು, ಅದು ಕಮಾಂಡ್. ಕೊಯ್ಲಿನ ಕೆಲಸಕ್ಕೆಲ್ಲ ಒಂದೇ ಪ್ಲಾನು, ಒಬ್ಬನೇ ಮುಖ್ಯಸ್ಥ ಇರಬೇಕು, ಅದು ಡೈರೆಕ್ಷನ್. ಮೊದಲನೆಯದು ಆಳಿನ ವಿಷಯ, ಎರಡನೆಯದು ಕೆಲಸದ ವಿಷಯ.

ಫಸ್ಟ್ ಪಿಯುಸಿಯನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ಬೋರ್ಡ್ ಎಕ್ಸಾಂ ಇರೋದು ಸೆಕೆಂಡ್ ಇಯರ್ ತಾನೇ ಅಂತ. ಬೇರೆ ಸಬ್ಜೆಕ್ಟಿಗೆ ಹೇಗೋ ನಡೆಯಬಹುದು, ಸ್ಟ್ಯಾಟ್ಸಿಗೆ ನಡೆಯಲ್ಲ. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್, ಪ್ರಾಬಬಿಲಿಟಿ, ರ್‍ಯಾಂಡಮ್ ವೇರಿಯಬಲ್ ಇಷ್ಟು ಗಟ್ಟಿ ಇಲ್ಲದಿದ್ದರೆ ಸೆಕೆಂಡ್ ಇಯರ್ ಬೈನಾಮಿಯಲ್, ಪಾಯ್ಸನ್, ನಾರ್ಮಲ್ ಅನ್ನೋ ಪ್ರಾಬಬಿಲಿಟಿ ಹಂಚಿಕೆಗಳೆಲ್ಲ ಬರೀ ಸೂತ್ರವಾಗಿ ಕಾಣುತ್ತವೆ. ಬೈನಾಮಿಯಲ್‌ನಲ್ಲಿ ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಷನ್ನಿನ ವರ್ಗ) ಯಾವಾಗಲೂ ಸರಾಸರಿಗಿಂತ ಕಡಿಮೆ, ಪಾಯ್ಸನ್‌ನಲ್ಲಿ ಎರಡೂ ಸಮ. ಇದು ಗೊತ್ತಿದ್ದರೆ 'ಸರಾಸರಿ 4, ವೇರಿಯನ್ಸ್ 6 ಇರುವ ಬೈನಾಮಿಯಲ್ ಸಾಧ್ಯವೇ' ಅನ್ನೋ ಪ್ರಶ್ನೆಗೆ ಪೆನ್ನು ಎತ್ತುವ ಮುಂಚೆ ಉತ್ತರ ಸಿಗುತ್ತದೆ.

ದಿನದ ಓದು ಹೇಗೆ ಹಂಚಿಕೊಳ್ಳಬೇಕು ಅಂತ ಕೇಳುತ್ತಾರೆ. ಆಲೂರು, ಅರಕಲಗೂಡು ಕಡೆಯಿಂದ ಬಸ್ಸಿನಲ್ಲಿ ಓಡಾಡುವವರು ಬಸ್ಸಿನಲ್ಲಿ ಸ್ಟ್ಯಾಟ್ಸ್ ಮುಟ್ಟಬೇಡಿ, ಅದಕ್ಕೆ ಪೇಪರ್, ಪೆನ್ನು, ಟೇಬಲ್ ಬೇಕು. ಬಸ್ಸಿನಲ್ಲಿ ಬಿಸಿನೆಸ್ ಪಾಯಿಂಟ್‌ಗಳನ್ನು ಕಿಟಕಿ ಆಚೆ ಕಾಣುವುದಕ್ಕೆ ಜೋಡಿಸುತ್ತಾ ಹೋಗಿ. ಮನೆಗೆ ಬಂದು ದಿನಕ್ಕೆ ಎರಡೇ ಲೆಕ್ಕ ಮಾಡಿ, ಆದರೆ ಪುಸ್ತಕ ಮುಚ್ಚಿ ಮಾಡಿ. ಬಿಡಿಸಿದ ಲೆಕ್ಕವನ್ನು ಓದಿ ಅರ್ಥ ಆಯಿತು ಅನ್ನೋದು ಬರೀ ಭ್ರಮೆ.

ಪರೀಕ್ಷೆ ಬಗ್ಗೆ ಚಿಕ್ಕದಾಗಿ. ಸ್ಟ್ಯಾಟ್ಸ್ ಪೇಪರಿಗೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಒಯ್ಯಬಹುದು, ಆದರೆ ಹಂತ ತೋರಿಸದೆ ಬರೀ ಉತ್ತರ ಬರೆದರೆ ಅಂಕ ಹೋಗುತ್ತದೆ. ಸ್ಟ್ಯಾಟಿಸ್ಟಿಕಲ್ ಟೇಬಲ್, ಗ್ರಾಫ್ ಶೀಟ್ ಕೇಳಿದರೆ ಕೊಡುತ್ತಾರೆ, ನಾಚಿಕೊಳ್ಳದೆ ಕೇಳಿ. ಟೇಬಲ್ ನೋಡೋದನ್ನು ಮೊದಲೇ ಅಭ್ಯಾಸ ಮಾಡಿರಿ, ಹಾಲ್‌ನಲ್ಲಿ ಕೂತು ಕಲಿಯೋಕೆ ಆಗಲ್ಲ. ಕ್ವಾಲಿಟಿ ಕಂಟ್ರೋಲ್ ಲೆಕ್ಕದಲ್ಲಿ ಸಿ ಚಾರ್ಟಿನ (ದೋಷಗಳನ್ನು ಎಣಿಸಿ ಹಾಕುವ ನಕ್ಷೆ) ಸರಾಸರಿ 4 ಬಂತು ಅನ್ನಿ, ಅದಕ್ಕೆ ಅದರ ವರ್ಗಮೂಲದ ಮೂರು ಪಟ್ಟು ಕೂಡಿಸಿದರೆ ಮೇಲಿನ ಮಿತಿ 10, ಕಳೆದರೆ ಕೆಳಗಿನದು ಮೈನಸ್ 2. ದೋಷದ ಎಣಿಕೆ ಮೈನಸ್ ಆಗಲು ಸಾಧ್ಯವಿಲ್ಲ, ಅಲ್ಲಿ ಸೊನ್ನೆ ಅಂತಲೇ ಬರೆಯಬೇಕು. ಹಳೇ ಪೇಪರ್‌ಗಳು ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಸಿಗುತ್ತವೆ, ಗೈಡಿಗೆ ದುಡ್ಡು ಸುರಿಯಬೇಡಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಒಂದರಲ್ಲಿ ಕಮ್ಮಿ ಬಂದರೆ ಇನ್ನೊಂದರಲ್ಲಿ ಬರೆದು ಜಾಸ್ತಿ ಬಂದದ್ದನ್ನು ಉಳಿಸಿಕೊಳ್ಳಬಹುದು.

ಸಿಎ ಫೌಂಡೇಷನ್ (ಸಿಎ ಓದಿನ ಮೊದಲ ಹಂತದ ಪರೀಕ್ಷೆ) ಯೋಚನೆ ಇದ್ದವರು ಸೆಕೆಂಡ್ ಪಿಯುಸಿ ಆದಮೇಲೆ ಸ್ಟ್ಯಾಟ್ಸ್ ನೋಟ್ಸನ್ನು ರದ್ದಿಗೆ ಹಾಕಬೇಡಿ. ಅಲ್ಲಿ ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್ ಪೇಪರಿನ 100ರಲ್ಲಿ 40 ಅಂಕ ಸ್ಟ್ಯಾಟಿಸ್ಟಿಕ್ಸಿನದ್ದೇ, ಇನ್ನೊಂದು 40 ಬಿಸಿನೆಸ್ ಮ್ಯಾಥ್ಸ್, ಉಳಿದ 20 ಲಾಜಿಕಲ್ ರೀಸನಿಂಗ್. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಎಸ್‌ಇಬಿಎ ಮಕ್ಕಳಿಗೆ ಮ್ಯಾಥ್ಸ್ ಭಾಗ ಹೊಸದು, ಹಾಗಾಗಿ ಪರೀಕ್ಷೆ ಮುಗಿದ ರಜೆಯಲ್ಲಿ ಮೊದಲು ಅದನ್ನೇ ಹಿಡಿಯಿರಿ.